ಅತ್ತೆಯ ಮೇಡೇ

ನಮ್ಮತ್ತೆ ಯಾರ ಹತ್ತಿರವೂ ಏನನ್ನೂ ಕೇಳುವವರಲ್ಲ. ಇದನ್ನು ಹೊಗಳಿಕೆ ಎಂದು ಯಾರೂ ತಿಳಿಯಬೇಡಿ. ನಾನು ದೂರು ಹೇಳುತ್ತಿದ್ದೇನೆ. ಇಪ್ಪತ್ತೆಂಟು ವರ್ಷ ಸಿಟಿ ಬಸ್ ಓಡಿಸಿದವರು ಅವರು. ಟೈರು ಪಂಕ್ಚರಾದರೆ, ಕಂಡಕ್ಟರ್ ಹೆಗಲ ಚೀಲ ಸರಿಮಾಡಿಕೊಂಡು ಕೆಳಗಿಳಿಯುವಷ್ಟರಲ್ಲಿ ಇವರು ಜಾಕ್ ಏರಿಸಿ ಆಗಿರುತ್ತಿತ್ತಂತೆ. ಮನೆಯಲ್ಲೂ ಅದೇ ಕತೆ. ಅಟ್ಟದ ಮೇಲಿನ ಟ್ರಂಕು ಬೇಕಾದರೆ, ಆರಡಿ ಎತ್ತರದ ಮಗ ಪಕ್ಕದಲ್ಲೇ ಕಾಲು ಚಾಚಿ ಕೂತಿದ್ದರೂ, ಕುರ್ಚಿಯ ಮೇಲೆ ಸ್ಟೂಲು ಇಟ್ಟು ತಾವೇ ಹತ್ತುತ್ತಾರೆ.

ಒಂದು ದಿನ ನಾನು ಕೋಣೆಯಲ್ಲಿ ಗೆಳತಿಯ ಜೊತೆ ಫೋನಿನಲ್ಲಿದ್ದೆ. ಅತ್ತೆ ಬಾಗಿಲಲ್ಲಿ ಬಂದು ನಿಂತರು. “ನಿನ್ನ ಕೆಲಸ ಮುಗಿಸ್ಕೋ, ಆಮೇಲೆ ಒಂದ್ನಿಮಿಷ ಬಾ. ಅವಸರ ಏನಿಲ್ಲ” ಅಂದರು. ನಾನು ಇನ್ನೂ ಆರು ನಿಮಿಷ ಹರಟೆ ಹೊಡೆದು ಅಡುಗೆಮನೆಗೆ ಹೋಗಿ ನೋಡಿದರೆ, ಕುದಿಯುವ ನೀರು ಚೆಲ್ಲಿಕೊಂಡು ಬಲಗೈ ಮೊಣಕೈವರೆಗೆ ಬೊಬ್ಬೆ ಎದ್ದಿದೆ. ಕೈಯನ್ನು ನಲ್ಲಿಯ ಕೆಳಗೆ ಹಿಡಿದುಕೊಂಡು, ಎಡಗೈಯಲ್ಲಿ ಪಾತ್ರೆ ತೊಳೆಯುತ್ತಿದ್ದಾರೆ! ನನಗೆ ಬಂದ ಸಿಟ್ಟಿನಲ್ಲಿ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಬೈದೆ. ಅವರು ಕಿಟಕಿಯ ಆಚೆ ನೋಡುತ್ತಾ, ಮುಂದಿನ ಬಸ್ಸಿನ ಡ್ರೈವರ್ ಗೇರು ತಪ್ಪು ಹಾಕುತ್ತಿದ್ದಾನೆ ಎಂದರು.

ಇಂಥವರು ನಿವೃತ್ತರಾದ ಮರುವರ್ಷವೇ ವಿಮಾನ ಹಾರಿಸುವುದನ್ನು ಕಲಿಯಲು ಹೊರಟರು. “ಬಸ್ಸಿಗೆ ಎಡ ಬಲ ಎರಡೇ. ಇದಕ್ಕೆ ಮೇಲೆ ಕೆಳಗೆ ಅಂತ ಬೇರೆ ಇದೆಯಂತೆ, ನೋಡೇಬಿಡೋಣ” ಎಂದರು. ನನ್ನ ಗಂಡ “ಆಯ್ತಮ್ಮ” ಎಂದು ಪೇಪರು ಮಡಚಿಟ್ಟ. ಅವನಿಗೇನು? ಈ ಊರಿಗಿರುವುದು ಒಂದೇ ಸಣ್ಣ ವಿಮಾನ ನಿಲ್ದಾಣ, ಅದಕ್ಕಿರುವುದು ಒಂದೇ ಟವರ್, ಬೆಳಗಿನ ಪಾಳಿಯಲ್ಲಿ ಆ ಟವರಿನ ಮೈಕಿನ ಮುಂದೆ ಕೂರುವವಳು ನಾನು. ಮನೆಯಲ್ಲಿ ಅತ್ತೆಯ ಮಾತು ಸೊಸೆ ಕೇಳಬೇಕು, ಆಕಾಶದಲ್ಲಿ ಸೊಸೆಯ ಮಾತು ಅತ್ತೆ ಕೇಳಬೇಕು. ಹೀಗೊಂದು ಏರ್ಪಾಡು ಯಾವ ಮನೆಗೂ ಬರಬಾರದು.

ಹಾರುವುದಕ್ಕಿಂತ ಮುಂಚೆ ರೇಡಿಯೋ ಪಾಠ. ಅದನ್ನು ಹೇಳಿಕೊಡುತ್ತಿದ್ದವರು ಹಾರಾಟದ ಶಾಲೆಯ ಹಳೆಯ ಮಾಸ್ತರು. ಅವರು ಪ್ರತಿ ಹೊಸ ತರಗತಿಗೂ ಒಂದೇ ಮಾತಿನಿಂದ ಶುರು ಮಾಡುತ್ತಾರೆ: “ತುರ್ತು ಸಮಯದಲ್ಲಿ ಏನು ಮಾತಾಡಬೇಕು ಅಂತ ಇಪ್ಪತ್ತು ಪುಟ ಇದೆ. ಅಷ್ಟಕ್ಕೂ ಅರ್ಥ ಒಂದೇ. ಬಾಯಿಬಿಟ್ಟು ಕೇಳಿ, ಬೇಗ ಕೇಳಿ. ಇಂಜಿನ್ ಕೈಕೊಟ್ಟು ಕೆಟ್ಟವರಿಗಿಂತ, ಕೇಳೋಕೆ ಸಂಕೋಚಪಟ್ಟು ಕೆಟ್ಟವರೇ ಜಾಸ್ತಿ.” ನಮ್ಮತ್ತೆ ಈ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಅಡಿಯಲ್ಲಿ ಎರಡು ಗೆರೆ ಎಳೆದುಕೊಂಡು ಬಂದಿದ್ದರು. ಅದನ್ನು ನೋಡಿ ನಾನು ನಗು ತಡೆಯಲಾರದೆ ಬಚ್ಚಲುಮನೆಗೆ ಓಡಿಹೋದೆ.

ಪಾಠ ಕಷ್ಟದ್ದೇನಲ್ಲ. ಜೀವಕ್ಕೆ ಈಗಿಂದೀಗಲೇ ಅಪಾಯವಿದ್ದರೆ ‘ಮೇಡೇ’ ಎಂದು ಮೂರು ಸಲ ಹೇಳಬೇಕು. ತೊಂದರೆ ಇದೆ, ಆದರೆ ಇನ್ನೂ ಅಲ್ಲಿಯವರೆಗೆ ಹೋಗಿಲ್ಲ ಎಂದಾದರೆ ‘ಪ್ಯಾನ್ ಪ್ಯಾನ್’ ಎಂದು ಮೂರು ಸಲ. ಆಮೇಲೆ ನೀವು ಯಾರು, ಏನಾಗಿದೆ, ಏನು ಮಾಡಬೇಕೆಂದಿದ್ದೀರಿ, ಎಲ್ಲಿದ್ದೀರಿ, ಎಷ್ಟು ಎತ್ತರ, ಒಳಗೆ ಎಷ್ಟು ಜನ. ಕಲಿಯುವವರು ಅಭ್ಯಾಸಕ್ಕಾಗಿ ಹಾರಾಟದ ನಡುವೆ ‘ಪ್ರಾಕ್ಟೀಸ್ ಪ್ಯಾನ್’ ಎಂದು ಕರೆಯಬಹುದು. ಟವರಿನವರು ಅದಕ್ಕೂ ನಿಜದ ಕರೆಗೆ ಕೊಡುವ ಹಾಗೆಯೇ ಉತ್ತರ ಕೊಡಬೇಕು. ನೇರವಾಗಿ ಬರಲು ದಾರಿ ಬಿಡಿಸಬೇಕು, ಗಾಳಿ ಹೇಳಬೇಕು, ದಿಕ್ಕು ಹೇಳಬೇಕು. ಕೈಯಲ್ಲಿ ಬೇರೆ ನಿಜವಾದ ಕೆಲಸವಿದ್ದರೆ ಮಾತ್ರ ‘ಕಾಯಿರಿ’ ಎನ್ನಬಹುದು. ಮೇಡೇ ಎಂಬ ಮಾತನ್ನು ಮಾತ್ರ ಅಭ್ಯಾಸಕ್ಕೆ ಬಳಸುವ ಹಾಗಿಲ್ಲ. ಅದು ಬಾಯಿಂದ ಬಂದರೆ ನಿಜಕ್ಕೇ ಬರಬೇಕು.

ಅತ್ತೆ ಅಡುಗೆಮನೆಯಲ್ಲಿ ಸೌಟನ್ನು ಮೈಕಿನಂತೆ ಹಿಡಿದು ಬಾಯಿಪಾಠ ಮಾಡಿದರು. ಟವರಿನ ಪಾತ್ರ ನನ್ನ ಗಂಡನದು. ಅವನು ತೂಕಡಿಸುತ್ತಾ “ಗಾಳಿ ಉತ್ತರದಿಂದ” ಅನ್ನುತ್ತಿದ್ದ. ಅತ್ತೆ “ನಿನ್ನೇನೂ ಉತ್ತರದಿಂದ ಅಂದೆ, ಕಿಟಕಿ ತೆಗೆದು ನೋಡಿ ಹೇಳು” ಎಂದು ಗದರುತ್ತಿದ್ದರು.

ಒಬ್ಬರೇ ಹಾರಲು ಅನುಮತಿ ಸಿಕ್ಕಿದ್ದೇ ತಡ, ಶುರುವಾಯಿತು ನೋಡಿ ನನ್ನ ಗ್ರಹಚಾರ. ಬೇರೆ ವಿದ್ಯಾರ್ಥಿಗಳು ಇಡೀ ತರಬೇತಿಯಲ್ಲಿ ಎರಡು ಸಲವೋ ಮೂರು ಸಲವೋ ಪ್ರಾಕ್ಟೀಸ್ ಪ್ಯಾನ್ ಮಾಡುತ್ತಾರೆ, ಅದೂ ನಾಚಿಕೊಂಡು. ನಮ್ಮತ್ತೆ ಹಾರಿದ ದಿನವೆಲ್ಲ ಒಂದು. ಅವರ ಪುಟ್ಟ ವಿಮಾನದ ಕರೆಹೆಸರು ಕಿಲೋ ಲೀಮಾ. ಸ್ಪೀಕರಿನಲ್ಲಿ ಆ ಹೆಸರು ಕೇಳಿಬಂದರೆ ಸಾಕು, ನನ್ನ ಪಕ್ಕದ ಸಹಾಯಕ ಕೆಮ್ಮಿದ ಹಾಗೆ ಮಾಡಿ ನಗುತ್ತಿದ್ದ.

ಫ್ರೀಕ್ವೆನ್ಸಿಯ ಮೇಲೆ ಅತ್ತೆಯೂ ಇಲ್ಲ, ಸೊಸೆಯೂ ಇಲ್ಲ. ಟವರ್ ಮತ್ತು ಕಿಲೋ ಲೀಮಾ, ಅಷ್ಟೆ. ಮಾತೆಲ್ಲ ನಿಗದಿಯಾದ ಇಂಗ್ಲಿಷಿನಲ್ಲಿ. ಇಲ್ಲಿ ನಾನು ನಮ್ಮ ಮಾತಿನಲ್ಲೇ ಹೇಳುತ್ತಿದ್ದೇನೆ. ಅತ್ತೆ ಈ ಶಿಸ್ತನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಆದರೆ ಕಾಯಿಸಿದರೆ ಮಾತ್ರ ಸುಮ್ಮನಿರುತ್ತಿರಲಿಲ್ಲ. “ಕಿಲೋ ಲೀಮಾ, ಕಾಯಿರಿ” ಅಂದರೆ ತಕ್ಷಣ ಉತ್ತರ: “ಕಿಲೋ ಲೀಮಾ ಕಾಯುತ್ತಿದೆ. ಎಷ್ಟು ನಿಮಿಷ ಎಂದು ತಿಳಿಸಿ.” ಮನೆಗೆ ಬಂದ ಮೇಲೆ ಪರೀಕ್ಷೆಯ ಪೇಪರು ತಿದ್ದುವವರ ಹಾಗೆ, ನೀನು ಇವತ್ತು ಗಾಳಿಯ ವೇಗ ಹೇಳುವುದನ್ನು ಮರೆತೆ, ಒಂದು ಅಂಕಿ ನುಂಗಿದೆ, ಹೀಗೆ ಪಟ್ಟಿ. ನಾನು ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡಿ ಅನ್ನ ತಿನ್ನುತ್ತಿರುವವಳು! ಟವರಿನ ಮುಖ್ಯಸ್ಥರ ಬಳಿ ಹೋಗಿ, ಇವರು ಹಾರುವ ಹೊತ್ತಿಗೆ ನನಗೆ ಬೇರೆ ಪಾಳಿ ಹಾಕಿ ಎಂದು ಎರಡು ಸಲ ಬೇಡಿಕೊಂಡೆ. ಅವರು ತಲೆ ಎತ್ತದೆ, “ಮನೆ ವಿಷಯ ಮನೇಲಿರಲಿ” ಎಂದರು.

ಆ ಬುಧವಾರ ಬೆಳಿಗ್ಗೆ ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿತ್ತು. ‘ನಿನ್ನೆಯ ಉತ್ತರ: ೧. ತಡ. ೨. ಸ್ವರದಲ್ಲಿ ಬೇಸರ. ೩. ವಿಮಾನ ಇಳಿಯುವ ಓಡುಹಾದಿ ಒಣಗಿದೆಯೋ ಒದ್ದೆಯೋ ಹೇಳಲಿಲ್ಲ.’ ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಚೀಟಿಯನ್ನು ಕಿತ್ತು ಮುದ್ದೆ ಮಾಡಿ, ಚಹಾ ಕೂಡ ಕುಡಿಯದೆ ಕೆಲಸಕ್ಕೆ ಹೋದೆ.

ಹತ್ತೂಮುಕ್ಕಾಲಿಗೆ ಸ್ಪೀಕರಿನಲ್ಲಿ ಬಂತು: “ಪ್ರಾಕ್ಟೀಸ್ ಪ್ಯಾನ್, ಪ್ರಾಕ್ಟೀಸ್ ಪ್ಯಾನ್, ಪ್ರಾಕ್ಟೀಸ್ ಪ್ಯಾನ್. ಕಿಲೋ ಲೀಮಾ. ಇಂಜಿನ್ ಸರಿಯಾಗಿ ಓಡುತ್ತಿಲ್ಲ. ನೇರ ಬಂದು ಇಳಿಯಬೇಕೆಂದಿದೆ. ಪೂರ್ವಕ್ಕೆ ಐದು ಮೈಲಿ, ಸಾವಿರದ ಎಂಟುನೂರು ಅಡಿ, ಒಬ್ಬರು.”

ಆ ಹೊತ್ತಿಗೆ ಇನ್ನೊಂದು ವಿಮಾನ ಇಳಿಯಲು ಬರುತ್ತಿತ್ತು. ಹುಲ್ಲು ಕೊಯ್ಯುವ ಟ್ರ್ಯಾಕ್ಟರ್ ಓಡುಹಾದಿಯ ಅಂಚಿನಲ್ಲಿತ್ತು. ಎರಡನ್ನೂ ನೋಡಿಕೊಂಡು ಅತ್ತೆಗೂ ಉತ್ತರ ಕೊಡಬಹುದಿತ್ತು. ಬೇರೆ ಯಾರಾದರೂ ಆಗಿದ್ದರೆ ಕೊಡುತ್ತಿದ್ದೆ. ಸುಳ್ಳೇಕೆ ಹೇಳಲಿ? ಆ ಚೀಟಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ. “ಕಿಲೋ ಲೀಮಾ, ಪ್ರಾಕ್ಟೀಸ್ ಕರೆ ಕೇಳಿಸಿತು. ಕೆಲಸವಿದೆ, ಕಾಯಿರಿ” ಎಂದೆ.

“ಸರಿ. ನಿಮ್ಮ ಕೆಲಸ ಮುಗಿಸಿಕೊಳ್ಳಿ. ಅವಸರವಿಲ್ಲ” ಎಂದು ಉತ್ತರ ಬಂತು.

ನಾನು ಇಳಿಯುವ ವಿಮಾನಕ್ಕೆ ಅನುಮತಿ ಕೊಟ್ಟೆ. ಅದರ ಚಕ್ರ ನೆಲ ಮುಟ್ಟುವುದನ್ನು ನೋಡಿದೆ. ಪಕ್ಕದ ದಾರಿಗೆ ತಿರುಗಲು ಹೇಳಿದೆ. ಟ್ರ್ಯಾಕ್ಟರಿನವನಿಗೆ ಏನೋ ಹೇಳಲು ಫೋನು ಎತ್ತಿಕೊಂಡವಳು ಹಾಗೇ ನಿಂತುಬಿಟ್ಟೆ. ಎಷ್ಟು ನಿಮಿಷ ಎಂದು ಅತ್ತೆ ಕೇಳಿರಲಿಲ್ಲ. ಮೂರು ತಿಂಗಳಲ್ಲಿ ಮೊದಲ ಸಲ ಅವರು ತಕರಾರಿಲ್ಲದೆ ಕಾಯಲು ಒಪ್ಪಿದ್ದರು. ಅವಸರವಿಲ್ಲವಂತೆ! ಬೆಂದ ಕೈ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಹೇಳಿದ್ದೂ ಇದೇ ಮಾತು.

ಮೈಕು ಒತ್ತಿದೆ. “ಕಿಲೋ ಲೀಮಾ, ಇದು ಪ್ರಾಕ್ಟೀಸೋ ನಿಜವೋ ತಿಳಿಸಿ.”

ಸ್ಪೀಕರಿನಲ್ಲಿ ಬರಿಯ ಸದ್ದು. ಮೈಕಿನ ಗುಂಡಿ ಒತ್ತಿದ್ದಾರೆ, ಮಾತು ಬರುತ್ತಿಲ್ಲ. ಹಿಂದೆ ಇಂಜಿನ್ ಕೆಮ್ಮುತ್ತಾ ನಡುಗುವುದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಅವರ ಸ್ವರ: “ಕಿಲೋ ಲೀಮಾ... ಸ್ವಲ್ಪ ಹಾಗೇ ಇದೆ. ತೊಂದರೆ ಇಲ್ಲ.”

ನಿಯಮದ ಪುಸ್ತಕದಲ್ಲಿ ‘ಸ್ವಲ್ಪ ಹಾಗೇ ಇದೆ’ ಎಂಬುದಕ್ಕೆ ಉತ್ತರವಿಲ್ಲ. ಇರುವ ಇಂಗ್ಲಿಷೆಲ್ಲ ನನ್ನ ಬಾಯಿಂದ ಹಾರಿಹೋಯಿತು. ಎಲ್ಲರೂ ಕೇಳುವ, ಪ್ರತಿ ಅಕ್ಷರವೂ ದಾಖಲಾಗುವ ಆ ಫ್ರೀಕ್ವೆನ್ಸಿಯ ಮೇಲೆ ನಾನು ಮನೆಯ ಮಾತಿನಲ್ಲೇ ಕೂಗಿದೆ: “ಅತ್ತೆ! ನಿಜ ಹೇಳಿ!”

ಸ್ಪೀಕರಿನಲ್ಲಿ ಮತ್ತೆ ಇಂಜಿನ್ನಿನ ಕೆಮ್ಮು.

“ಮೇಡೇ, ಮೇಡೇ, ಮೇಡೇ” ಎಂದರು ಅತ್ತೆ. ಅಷ್ಟು ಮೆಲ್ಲಗೆ ಯಾರೂ ಆ ಮಾತನ್ನು ಹೇಳಿದ್ದು ನಾನು ಕೇಳಿಲ್ಲ. “ಕಿಲೋ ಲೀಮಾ. ಇಂಜಿನ್ ಅರ್ಧ ಹೋಗಿದೆ. ಎತ್ತರ ನಿಲ್ಲುತ್ತಿಲ್ಲ. ನಾಲ್ಕು ಮೈಲಿ, ಸಾವಿರದ ಐನೂರು ಅಡಿ.”

ನಾನು ಕಾಯಿಸಿದ್ದರಲ್ಲಿ ಮುನ್ನೂರು ಅಡಿ ಹೋಗಿತ್ತು. ಆದರೆ ಕಲಿತ ಕೆಲಸ ಎನ್ನುವುದು ದೊಡ್ಡದು ನೋಡಿ. ತಲೆ ಕೆಟ್ಟರೂ ಬಾಯಿ ತನ್ನ ಪಾಡಿಗೆ ನಡೆಯುತ್ತದೆ. ಟ್ರ್ಯಾಕ್ಟರನ್ನು ದೂರ ಓಡಿಸಿದೆ. ಆಗ ಹಾರುತ್ತಿದ್ದ ಇನ್ನಿಬ್ಬರು ವಿದ್ಯಾರ್ಥಿಗಳನ್ನು ಆಚೆ ಕಳಿಸಿದೆ. ಸಹಾಯಕ ಬೆಂಕಿ ಆರಿಸುವ ಗಾಡಿಯನ್ನು ಹೊರಡಿಸಿದ. ಅತ್ತೆಗೆ ಹೇಳಿದೆ: “ಕಿಲೋ ಲೀಮಾ, ಮೇಡೇ ಕೇಳಿಸಿತು. ಓಡುಹಾದಿ ಪೂರ್ತಿ ನಿಮ್ಮದು. ನೇರ ಬನ್ನಿ. ಗಾಳಿ ಎದುರಿಂದ, ವೇಗ ಐದು ನಾಟ್. ಓಡುಹಾದಿ ಒಣಗಿದೆ. ಮಾತಾಡಬೇಕಾಗಿಲ್ಲ, ಕೇಳಿಸಿಕೊಂಡರೆ ಸಾಕು.”

ಆಮೇಲಿನ ಮೂರು ನಿಮಿಷ ಮಾತಾಡಿದವಳು ನಾನೊಬ್ಬಳೇ. ಇಷ್ಟು ದೂರ ಇದೆ, ಸರಿಯಾಗಿ ಬರುತ್ತಿದ್ದೀರಿ, ಗಾಳಿ ಹಾಗೇ ಇದೆ. ಸಾಲು ಸಾಲಾಗಿ, ಒಂದೇ ಸ್ವರದಲ್ಲಿ. ದೂರದ ನೀರಿನ ಟ್ಯಾಂಕಿನ ಪಕ್ಕದಲ್ಲಿ ವಿಮಾನ ಕಾಣಿಸಿತು. ನನ್ನ ಲೆಕ್ಕಕ್ಕಿಂತ ಬಹಳ ಕೆಳಗೆ. ರಸ್ತೆ ದಾಟಿತು. ಬೇಲಿ ದಾಟುವಾಗ ನಾನು ಕಣ್ಣು ಮುಚ್ಚಿದೆ. ಕಂಟ್ರೋಲರ್ ಆದವಳು ಮಾಡಬಾರದ ಕೆಲಸ ಅದು. ಕಣ್ಣು ಬಿಟ್ಟಾಗ ಓಡುಹಾದಿಯ ಶುರುವಿನ ಬಿಳಿ ಪಟ್ಟಿಗಳ ಮೇಲೇ ಚಕ್ರ ತಾಗಿತ್ತು. ಒಂದು ಸಲ ಪುಟಿದು, ಓಡಿ, ಅರ್ಧ ದಾರಿಯಲ್ಲಿ ನಿಂತಿತು. ಬೆಂಕಿ ಗಾಡಿಯವರು ಹತ್ತಿರ ಹೋಗುವಷ್ಟರಲ್ಲಿ ಅತ್ತೆ ತಾವೇ ಬಾಗಿಲು ತೆಗೆದು ಇಳಿದು, ಬಸ್ಸಿನ ಟೈರು ನೋಡುವ ಹಾಗೆ ಬಗ್ಗಿ ವಿಮಾನದ ಅಡಿ ನೋಡುತ್ತಿದ್ದರು. ನಾನು ಟವರಿನ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಮರುದಿನ ವಿಚಾರಣೆ. ಮುಖ್ಯಸ್ಥರ ಕೋಣೆಯಲ್ಲಿ ಉದ್ದನೆಯ ಮೇಜು, ನಾಲ್ಕು ಕುರ್ಚಿ. ಮುಖ್ಯಸ್ಥರು, ರೇಡಿಯೋ ಮಾಸ್ತರು, ಅತ್ತೆ, ನಾನು. ಇಂಜಿನ್ನಿನ ಒಂದು ವಾಲ್ವ್ ಸಿಕ್ಕಿಹಾಕಿಕೊಂಡು ನಾಲ್ಕರಲ್ಲಿ ಒಂದು ಸಿಲಿಂಡರ್ ಸತ್ತಿತ್ತು ಎಂದು ಮೆಕ್ಯಾನಿಕ್ ಬರೆದುಕೊಟ್ಟಿದ್ದ. ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ಉಳಿದದ್ದು ಟೇಪಿನಲ್ಲಿತ್ತು.

ಮುಖ್ಯಸ್ಥರು ಅದನ್ನು ಎರಡು ಸಲ ಕೇಳಿಸಿದರು. ‘ಅತ್ತೆ! ನಿಜ ಹೇಳಿ!’ ಎಂಬಲ್ಲಿ ನಿಲ್ಲಿಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿ ನನ್ನನ್ನು ನೋಡಿದರು. “ಈ ಅತ್ತೆ ಅನ್ನೋದು ಯಾವ ವಿಮಾನದ ಕರೆಹೆಸರಮ್ಮ? ಪಟ್ಟಿಯಲ್ಲಿ ಹುಡುಕಿದೆ, ಸಿಗಲಿಲ್ಲ.”

ಮಾಸ್ತರು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು. ನನಗೆ ನಗು ಬರಲಿಲ್ಲ. “ಸರ್, ತಪ್ಪು ನನ್ನದು. ಪ್ರಾಕ್ಟೀಸ್ ಕರೆಗೆ ಕೂಡಲೇ ಉತ್ತರ ಕೊಡಬಹುದಿತ್ತು. ಸಿಟ್ಟಿಗೆ ಕಾಯಿಸಿದೆ. ನಲವತ್ತು ಸೆಕೆಂಡು” ಎಂದೆ.

“ಅದು ಬರ್ಕೋತೀನಿ” ಎಂದು ಬರೆದುಕೊಂಡು ಅವರು ಅತ್ತೆಯ ಕಡೆ ತಿರುಗಿದರು. “ತಾಯಿ, ಇಂಜಿನ್ ಹೋಗಿದೆ ಅಂತ ನಿಮಗೆ ಗೊತ್ತಿತ್ತು. ಆದ್ರೂ ಪ್ರಾಕ್ಟೀಸ್ ಅಂದ್ರಿ. ದಿನಾ ಹೇಳಿ ಹೇಳಿ ಅಭ್ಯಾಸಬಲದಿಂದ ಬಂತು ಅಂತ ಬರೀಲಾ?”

ಅವರೇ ಬಾಗಿಲು ತೆರೆದುಕೊಟ್ಟಿದ್ದರು. ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅತ್ತೆ ಸೆರಗಿನ ಅಂಚನ್ನು ಮಡಚುತ್ತಾ, “ಇಲ್ಲ, ಗೊತ್ತಿದ್ದೇ ಹೇಳಿದೆ” ಎಂದರು.

ಮಾಸ್ತರ ಕರವಸ್ತ್ರ ಕೆಳಗಿಳಿಯಿತು.

“ಪ್ರಾಕ್ಟೀಸ್ ಅಂದ್ರೂ ಇವಳು ದಿನಾ ದಾರಿ ಬಿಡಿಸಿಕೊಡ್ತಿದ್ಲು. ಇವತ್ತೂ ಬಿಡಿಸ್ತಾಳೆ, ಗದ್ದಲ ಇಲ್ಲದೆ ಇಳಿದುಬಿಟ್ರೆ ಆಯ್ತು ಅಂದ್ಕೊಂಡೆ. ನಿಜ ಅಂದ್ರೆ ಇವಳು ಗಾಬರಿ ಆಗ್ತಾಳೆ.”

ನನಗೆ ಎಲ್ಲಿತ್ತೋ ಸಿಟ್ಟು, ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೆ. “ಗಾಬರಿ ಆದ್ರೆ ಆಗ್ಲಿ! ಅದಕ್ಕೇ ಅಲ್ವಾ ನಾನು ಅಲ್ಲಿ ಕೂತಿರೋದು? ಗದ್ದಲ ಇಲ್ಲದೆ ಬೇಲಿಗೆ ಬಿದ್ದಿದ್ರೆ? ಮನೆಗೆ ಹೋಗಿ ನಿಮ್ಮ ಮಗನಿಗೆ ನಾನು ಏನಂತ ಹೇಳ್ಬೇಕಿತ್ತು? ನಾನು ಕಾಯಿ ಅಂದೆ, ಅವರು ಕಾದರು ಅಂತಾನಾ?” ಕೊನೆಯ ಮಾತಿಗೆ ಸ್ವರ ಒಡೆಯಿತು. ಕೂತುಬಿಟ್ಟೆ.

ಮಾಸ್ತರು ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು. ಅತ್ತೆ ನನ್ನನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು: “ನಿನಗಾಗಿ ಮಾತ್ರ ಅಲ್ಲಮ್ಮ. ನನಗೂ ಕೈ ನಡುಗ್ತಿತ್ತು. ನಿನ್ನ ಸ್ವರ ಹಿಡ್ಕೊಂಡೇ ನಾನು ದಿನಾ ಇಳಿಯೋದು. ಆ ಸಿಡುಕು, ಆ ಬೇಸರ ಕೇಳಿದ್ರೆ ಎಲ್ಲ ಸರಿಯಾಗಿದೆ ಅನ್ಸುತ್ತೆ. ನಿನ್ನ ಸ್ವರವೇ ನಡುಗಿಬಿಟ್ರೆ ನಾನು ಏನು ಹಿಡ್ಕೊಳ್ಳಲಿ?”

ಹನ್ನೊಂದು ವರ್ಷ ಒಂದೇ ಸೂರಿನಡಿ ಬದುಕಿದ್ದೇವೆ. ಈ ಹೆಂಗಸಿಗೆ ಹಿಡಿದುಕೊಳ್ಳಲು ಏನಾದರೂ ಬೇಕಾಗುತ್ತದೆ ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡರು. “ನೋಡಿ, ಬೈಯೋ ಕೆಲಸ ಮನೆಯವರೇ ಮುಗಿಸಿದ್ದಾರೆ, ನನಗೇನೂ ಉಳಿದಿಲ್ಲ. ಆದ್ರೆ ಒಂದೇ ಮನೆಯವರು ರೇಡಿಯೋದ ಎರಡು ತುದೀಲಿ ಇರಬಾರದು ಅಂತ ನಿನ್ನೆ ಗೊತ್ತಾಯ್ತು. ಒಬ್ಬರು ಮುಚ್ಚಿಡ್ತಾರೆ, ಒಬ್ಬರು ಮುನಿಸ್ಕೋತಾರೆ. ಇನ್ನು ಮೇಲೆ ಇವರು ಹಾರೋ ಹೊತ್ತಿಗೆ ಮೈಕು ಬೇರೆಯವರ ಕೈಲಿರುತ್ತೆ.” ನನ್ನ ಕಡೆ ನೋಡಿ, “ನೀವು ಕೇಳ್ಕೊಂಡಿದ್ದೇ ಇದು, ಅಲ್ವಾ?” ಎಂದರು.

ಹೌದು, ಎರಡು ಸಲ ಬೇಡಿಕೊಂಡಿದ್ದೆ. ಈಗ ಬೇಡ ಅನ್ನಲು ನನಗೆ ಯಾವ ಮುಖವಿತ್ತು? ತಲೆ ಆಡಿಸಿದೆ. ಅವರು ಪೆನ್ನು ಹಿಡಿದು ಕಾಗದದ ಕಡೆ ಬಗ್ಗಿದರು.

“ಸ್ವಾಮಿ, ಒಂದು ಕೇಳ್ಲಾ?” ಎಂದರು ಅತ್ತೆ.

ನಾನು ತಿರುಗಿ ನೋಡಿದೆ. ಅವರ ಮುಖ ಬೆವೆತಿತ್ತು. ಐದು ಮೈಲಿ ದೂರದಿಂದ ಸತ್ತ ಸಿಲಿಂಡರು ಇಟ್ಟುಕೊಂಡು ಬಂದಾಗಲೂ ಅಷ್ಟು ಬೆವೆತಿದ್ದರೋ ಇಲ್ಲವೋ.

“ಕೇಳಿ.”

“ಇವಳನ್ನೇ ಇಡಿ.”

“ತಾಯಿ, ನಿಯಮ ಅಂತ ಒಂದು...”

“ನಿಯಮ ಗೊತ್ತು. ನಿಮಗೆ ಆಗಲ್ಲ ಅಂದ್ರೆ ಸುಮ್ಮನಾಗ್ತೀನಿ. ಇವಳಿಗೆ ಬೇಡ ಅಂದ್ರೂ ಸುಮ್ಮನಾಗ್ತೀನಿ.” ಮೇಜಿನ ಅಂಚು ಹಿಡಿದುಕೊಂಡು, ಒಮ್ಮೆ ಉಸಿರು ಎಳೆದುಕೊಂಡು ಮುಂದುವರಿಸಿದರು. “ನಿಜವನ್ನ ನಿಜ ಅಂತಾನೇ ಹೇಳ್ತೀನಿ ಇನ್ಮೇಲೆ, ಮಾತು ಕೊಡ್ತೀನಿ. ಆದ್ರೆ ಆ ಕಡೆ ಇವಳಿರಬೇಕು. ನನಗೆ ಇವಳು ಬೇಕು.”

ಮುಖ್ಯಸ್ಥರು ಪೆನ್ನನ್ನು ಕಾಗದದ ಮೇಲೆ ಇಟ್ಟರು. ಮಾಸ್ತರು ಗೋಡೆಯ ಗಡಿಯಾರ ನೋಡಲು ಶುರುಮಾಡಿದರು. “ನಿಮ್ಮ ಅಭಿಪ್ರಾಯ ಏನಮ್ಮ?” ಎಂದು ಮುಖ್ಯಸ್ಥರು ನನ್ನನ್ನು ಕೇಳಿದರು. ನಾನು ಅತ್ತೆಯ ಕಡೆಗೇ ನೋಡುತ್ತಿದ್ದೆ. ಅವರು ಇನ್ನೊಂದು ಸಲ ಕೇಳಬೇಕಾಯಿತು.

“ಇರ್ತೀನಿ ಅತ್ತೆ” ಎಂದೆ, ಮುಖ್ಯಸ್ಥರಿಗೆ ಹೇಳಬೇಕಾದ ಉತ್ತರವನ್ನು ಅತ್ತೆಗೆ ಹೇಳಿ. ಅತ್ತೆ ಮೇಜಿನ ಅಂಚಿನಿಂದ ಕೈ ತೆಗೆದು ನನ್ನ ಕೈ ಹಿಡಿದುಕೊಂಡರು. ಮುಖ್ಯಸ್ಥರು ಏನೂ ಕೇಳಿಸದವರ ಹಾಗೆ, ಪಾಳಿ ಬದಲಿಸಲು ಬರೆಯುತ್ತಿದ್ದ ಕಾಗದ ಹರಿದು ಹೊಸದೊಂದನ್ನು ಎಳೆದುಕೊಂಡರು.